ಜಗಲಿ ಕೋರ್ಟಿನ ಇಂಗ್ಲಿಷ್ ವ್ಯಾಜ್ಯಗಳು

ಆಗಷ್ಟೇ ಕೊಯ್ದ ಹಿಪ್ಪುನೇರಳೆ ಸೊಪ್ಪಿಗೆ ಒಂದು ವಾಸನೆ ಇದೆ. ಅದನ್ನು ಪರಿಮಳ ಎಂದು ಕರೆಯಲು ಯಾರೂ ಒಪ್ಪಲಾರರು. ಹುಲ್ಲಿನಷ್ಟು ಸಪ್ಪೆಯಲ್ಲ, ಕರಿಬೇವಿನಷ್ಟು ಗಡುಸಲ್ಲ. ಒದ್ದೆ ಗೋಣಿಚೀಲದ ತಂಪಿಗೆ ಒಂದಿಷ್ಟು ಹಸಿ ಹಾಲು ಬೆರೆಸಿದಂಥ ವಾಸನೆ. ಹೋದ ತಿಂಗಳು ಚಿಂತಾಮಣಿ ಬಸ್ ನಿಲ್ದಾಣದ ಹೊರಗೆ ನಿಂತಿದ್ದೆ. ತನಗಿಂತ ಎತ್ತರದ ಸೊಪ್ಪಿನ ಮೂಟೆಯನ್ನು ಬೈಕಿನ ಹಿಂದೆ ಕಟ್ಟಿಕೊಂಡ ಒಬ್ಬ ಮನುಷ್ಯ ಸರಿಯಾಗಿ ನನ್ನ ಮೂಗಿನ ಮುಂದೆ ಬ್ರೇಕ್ ಹಾಕಿದ. ಆ ಹೊತ್ತಿಗೆ ನಾನು ಫೋನಿನಲ್ಲಿ ಮೊಮ್ಮಗಳ ವಿಚಾರಣೆಯಲ್ಲಿದ್ದೆ. ಅವಳ ಶಾಲೆಯಲ್ಲಿ ‘ಷೇಡ್’ಗೂ ‘ಶ್ಯಾಡೋ’ಗೂ ಏನು ವ್ಯತ್ಯಾಸ ಎಂದು ಕೇಳಿದ್ದರಂತೆ. ಕನ್ನಡದಲ್ಲಿ ಎರಡೂ ನೆರಳೇ. ನಾವು ಮರದ ನೆರಳಿಗೂ ಮನುಷ್ಯನ ನೆರಳಿಗೂ ಭೇದ ಮಾಡದೆ ಸುಖವಾಗಿ ಬದುಕಿದವರು. ಸೊಪ್ಪಿನ ವಾಸನೆ ಮೂಗಿಗೆ ಏರಿತು ನೋಡಿ, ನನ್ನ ಬಾಯಿಂದ ನನ್ನದಲ್ಲದ ಗಂಭೀರ ದನಿಯಲ್ಲಿ, “ಸಾಕ್ಷಿ ಎಲ್ಲಿ?” ಎಂಬ ಮಾತು ಬಂತು. “ಯಾವ್ ಸಾಕ್ಷಿ ಅಜ್ಜಿ? ಹುಷಾರಾಗಿದ್ದೀಯಾ?” ಎಂದು ಮಗು ಕೇಳಿತು. ಹುಷಾರಾಗಿಯೇ ಇದ್ದೆ. ಸುಮಾರು ಐವತ್ತು ವರ್ಷ ಹಿಂದಕ್ಕೆ ಹೋಗಿದ್ದೆ, ಅಷ್ಟೇ.

ನಮ್ಮ ಮನೆ ಇದ್ದದ್ದು ಜಂಗಮಕೋಟೆಯಿಂದ ಒಳಗೆ, ಎರಡೂ ಕಡೆ ಹಿಪ್ಪುನೇರಳೆ ತೋಟವಿದ್ದ ಮಣ್ಣು ದಾರಿಯ ಕೊನೆಯಲ್ಲಿ. ಮನೆ ಎಂದರೆ ನಿಮಗೆ ಮನುಷ್ಯರು ವಾಸಿಸುವ ಜಾಗ ನೆನಪಾಗಬಹುದು. ನಮ್ಮಲ್ಲಿ ಒಳ್ಳೆಯ ಕೋಣೆ, ಒಳ್ಳೆಯ ಗಾಳಿ, ಒಳ್ಳೆಯ ಸುಣ್ಣ ಎಲ್ಲವೂ ಹುಳುಗಳಿಗೆ ಮೀಸಲು. ಮಿಕ್ಕ ಜಾಗದಲ್ಲಿ ನಾವು. ರೇಷ್ಮೆ ಹುಳು ಸಾಕುವ ಆ ಕೋಣೆಯನ್ನು ಹುಳು ಮನೆ ಎನ್ನುತ್ತಿದ್ದೆವು. ಬಿದಿರಿನ ತಟ್ಟೆಗಳು ಸೂರಿನವರೆಗೆ ಒಂದರ ಮೇಲೊಂದು ಅಟ್ಟಣಿಗೆಯಲ್ಲಿ ಕೂತಿರುತ್ತಿದ್ದವು. ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎಂದು ಹೆಸರು. ನಾಲ್ಕು ಜ್ವರ ಮುಗಿಸಿ ಎದ್ದ ಹುಳುಗಳಿಗೆ ಬರುವ ಹಸಿವು ಸಾಮಾನ್ಯದ್ದಲ್ಲ. ಅವು ಸೊಪ್ಪು ತಿನ್ನುವ ಸದ್ದು ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದಂತೆ ಕೇಳುತ್ತಿತ್ತು. ನಮ್ಮ ಸೀಮೆಗೆ ನಿಜವಾದ ಮಳೆ ಬರುತ್ತಿದ್ದುದು ಅಪರೂಪವಾದ್ದರಿಂದ ಆ ಸದ್ದನ್ನು ಕೇಳಿಕೊಂಡೇ ನಾವು ತಂಪಾಗಿರುತ್ತಿದ್ದೆವು. ಅಪ್ಪ ತೋಟ ನೋಡಿಕೊಳ್ಳುತ್ತಿದ್ದ, ಅಮ್ಮ ಅಡುಗೆ ಮನೆ. ಹುಳು ಮನೆಗೆ ಅಜ್ಜಿ ಯಜಮಾನಿ. ಅಜ್ಜಿಯ ಬಲಗೈ ನನ್ನ ಸೋದರತ್ತೆ ಸರೋಜ, ಅಂದರೆ ಅಪ್ಪನ ಕೊನೆಯ ತಂಗಿ. ಅಜ್ಜಿಯ ತವರು ಆಂಧ್ರದ ಗಡಿಗೆ ಅಂಟಿಕೊಂಡ ಊರು. ಪ್ರೀತಿ ಬಂದರೆ ಕನ್ನಡ, ಸಿಟ್ಟು ಬಂದರೆ ತೆಲುಗು. ಎರಡೂ ಒಟ್ಟಿಗೆ ಬಂದಾಗ ಏನು ಎಂಬುದನ್ನು ಮುಂದೆ ಹೇಳುತ್ತೇನೆ.

ಇನ್ನು ತಾತ. ಅವರು ಚಿಂತಾಮಣಿಯ ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಆಗಿದ್ದು ನಿವೃತ್ತರಾದವರು. ಜೀವನವಿಡೀ ನ್ಯಾಯಾಧೀಶರ ಪೀಠಕ್ಕಿಂತ ಒಂದು ಮೆಟ್ಟಿಲು ಕೆಳಗೆ ಕೂತವರಿಗೆ ಆ ಒಂದು ಮೆಟ್ಟಿಲಿನ ಮೇಲೆ ಎಂಥ ಆಸೆ ಇರುತ್ತದೆ ಎಂಬುದು ಅನುಭವಿಸಿದವರಿಗೇ ಗೊತ್ತು. ನಿವೃತ್ತಿಯಾದ ಮೇಲೆ ತಾತ ನಮ್ಮ ಮನೆಯ ಜಗಲಿಯನ್ನೇ ಪೀಠ ಮಾಡಿಕೊಂಡರು. ಆದರೆ ಊರಿನವರು ತಮ್ಮ ಜಗಳಗಳನ್ನು ತಂದುಕೊಡಲು ಸಿದ್ಧರಿರಲಿಲ್ಲ. ಪಂಚಾಯಿತಿ ಕಟ್ಟೆ ಹತ್ತಿರವಿತ್ತು, ಅಲ್ಲಿ ಬೈಗುಳಕ್ಕೂ ಅವಕಾಶವಿತ್ತು. ಕಕ್ಷಿದಾರರಿಲ್ಲದ ಕೋರ್ಟು ಹಾಗೆಯೇ ಮುಚ್ಚಿಹೋಗುತ್ತಿತ್ತೋ ಏನೋ, ಸರೋಜತ್ತೆ ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಪಾಸು ಮಾಡಿ ಅದನ್ನು ಉಳಿಸಿದಳು. ಮತ್ತೆ ಕಟ್ಟಿದಳು, ಮತ್ತೆ ಹೋಯಿತು. ಅವಳಿಗೆ ಕೋಲಾರಕ್ಕೆ ಹೋಗಿ ನರ್ಸ್ ತರಬೇತಿ ಸೇರಬೇಕೆಂಬ ಹಟ. ಅಜ್ಜಿಗೆ ಕಾಲು ಸುಟ್ಟಾಗ ಶಿಡ್ಲಘಟ್ಟದ ಆಸ್ಪತ್ರೆಯಲ್ಲಿ ಒಬ್ಬ ನರ್ಸಮ್ಮ ಡಾಕ್ಟರನ್ನೇ ಗದರಿಸಿದ್ದನ್ನು ಕಂಡು ಬಂದ ಹಟ ಅದು. ಇತ್ತ ಗೌರಿಬಿದನೂರು ಕಡೆಯ ಒಂದು ಸಂಬಂಧ ಕೂಡಿಬಂದಿತ್ತು. ಹುಡುಗ ಒಳ್ಳೆಯವನೇ, ಮನೆಯಲ್ಲಿ ಹಿಟ್ಟಿನ ಗಿರಣಿ. “ಗಿರಣಿ ಸದ್ದಲ್ಲಿ ಗಂಡ ಏನಂದ ಅಂತಾನೇ ಕೇಳ್ಸಲ್ವಲ್ಲಪ್ಪಾ,” ಎಂದು ಅತ್ತೆ ಅಂದರೆ, “ಅದು ಅನುಕೂಲ ಕಣಮ್ಮ, ಅನಾನುಕೂಲ ಅಲ್ಲ,” ಎಂದು ತಾತ ಅಂದಿದ್ದರು. ಕೊನೆಗೆ ಇಬ್ಬರೂ ಒಂದು ರಾಜಿಗೆ ಬಂದರು. ಇನ್ನೊಂದೇ ಒಂದು ಸಲ ಪರೀಕ್ಷೆ. ಪಾಸಾದರೆ ಕೋಲಾರ, ಫೇಲಾದರೆ ಗೌರಿಬಿದನೂರು. ಅಜ್ಜಿ ಮಾತ್ರ ಯಾರ ಪಕ್ಷವನ್ನೂ ವಹಿಸಲಿಲ್ಲ. “ತೀರ್ಪು ಯಾವ ಕಡೆ ಆದ್ರೂ ನನ್ನ ಹುಳು ಮನೆ ಖಾಲಿ,” ಎಂದು ತಟ್ಟೆ ಕೊಡವಿದಳು.

ಅತ್ತೆಗೆ ಇಂಗ್ಲಿಷಿನ ಪಾಠ, ಪದ್ಯ ಎಲ್ಲ ಬಾಯಿಪಾಠವಾಗುತ್ತಿತ್ತು. ಎಡವುತ್ತಿದ್ದುದು ಒಂದೇ ಕಡೆ. ಹೆಚ್ಚು ಕಡಿಮೆ ಒಂದೇ ಥರ ಕಾಣುವ ಎರಡು ಪದ ಕೊಟ್ಟು, ಅರ್ಥದಲ್ಲಿ ಏನು ಭೇದ ಎಂದು ಕೇಳುವ ಪ್ರಶ್ನೆಯಲ್ಲಿ. ಇದು ಗೊತ್ತಾದ ದಿನ ತಾತನ ಮುಖದಲ್ಲಿ ಕಂಡ ತೇಜಸ್ಸನ್ನು ನಾನು ಮತ್ತೆ ಕಾಣಲಿಲ್ಲ. “ಇಂಗ್ಲಿಷು ಅನ್ನೋದು ಸರಿಯಾಗಿ ಭಾಗ ಆಗ್ದೆ ಉಳಿದಿರೋ ಮನೆ ಕಣಮ್ಮ. ಅಣ್ಣ ತಮ್ಮ ಇಬ್ರೂ ಒಂದೇ ಹೊಲ ಉಳ್ತಾ ಕೂತಿದ್ದಾರೆ. ಬದು ಎಲ್ಲಿದೆ ಅಂತ ನಾವು ತೋರಿಸ್ಬೇಕು,” ಎಂದರು. ಅಂದಿನಿಂದ ದಿನಾ ಮಧ್ಯಾಹ್ನ, ಅತ್ತೆ ಜಗಲಿಯ ಕೆಳಗೆ ಮಣೆ ಹಾಕಿಕೊಂಡು ಹುಳುವಿಗೆ ಸೊಪ್ಪು ಕತ್ತರಿಸುವ ಹೊತ್ತಿಗೆ, ಕೋರ್ಟು ಸೇರತೊಡಗಿತು. ಕೂಗುವ ಕೆಲಸ ನನ್ನದು. “ಷೇಡ್ ಮತ್ತು ಶ್ಯಾಡೋ! ಷೇಡ್ ಮತ್ತು ಶ್ಯಾಡೋ!” ಎಂದು ನಾನು ಬೀದಿಗೆ ಕೇಳುವಂತೆ ಕೂಗಬೇಕು. ದಾರಿಯಲ್ಲಿ ಹೋಗುವವರು ನಮ್ಮ ಮನೆಯಲ್ಲಿ ಹೊಸ ಹಸುಗಳಿಗೆ ಹೆಸರಿಟ್ಟಿದ್ದಾರೆಂದು ತಿಳಿದಿದ್ದರು.

ಆ ಕೋರ್ಟಿಗೆ ಒಂದು ಕಟ್ಟುನಿಟ್ಟಿನ ಪದ್ಧತಿ ಇತ್ತು. ನಿಘಂಟಿನ ಹೇಳಿಕೆ ನಡೆಯುತ್ತಿರಲಿಲ್ಲ. “ಅದು ಯಾರೋ ಹೇಳಿದ್ದನ್ನ ಹೇಳೋ ಸಾಕ್ಷಿ. ಕಣ್ಣಾರೆ ಕಂಡಿದ್ದು ಬೇಕು,” ಎನ್ನುತ್ತಿದ್ದರು ತಾತ. ಪ್ರತಿ ಪದಕ್ಕೂ ನಮ್ಮ ಮನೆ, ಹಿತ್ತಿಲು, ಹೆಚ್ಚೆಂದರೆ ಪಕ್ಕದ ಮನೆಯಿಂದ ಒಂದು ಸಾಕ್ಷಿಯನ್ನು ಹಾಜರುಪಡಿಸಬೇಕು. ಸಾಕ್ಷಿ ಇಲ್ಲದೆ ತೀರ್ಪಿಲ್ಲ. ಷೇಡ್ ಕೇಸಿನಲ್ಲಿ ಅತ್ತೆ ಸೊಪ್ಪಿನಿಂದ ತಲೆ ಎತ್ತದೆಯೇ ಹೇಳಿದಳು: “ಹೊಂಗೆ ಮರದ ಕೆಳಗೆ ಎಮ್ಮೆ ಮಲಗಿದೆಯಲ್ಲಪ್ಪಾ, ಅದು ಮಲಗಿರೋದು ಷೇಡಲ್ಲಿ. ಎದ್ದು ಹೋದ್ರೆ ಅದರ ಹಿಂದೇನೇ ಹೋಗ್ತದಲ್ಲ, ಅದು ಶ್ಯಾಡೋ.” ತಾತ ಕನ್ನಡಕದ ಮೇಲಿಂದ ಎಮ್ಮೆಯನ್ನು ಬಹಳ ಹೊತ್ತು ಪರಿಶೀಲಿಸಿದರು. “ಷೇಡಲ್ಲಿ ಕೂತ್ಕೋಬಹುದು. ಶ್ಯಾಡೋಲಿ ಕೂತ್ಕೋಬಹುದಾ?” ಎಂದು ಪಾಟೀಸವಾಲು ಹಾಕಿದರು. “ಎಮ್ಮೆ ಒಪ್ಕೊಂಡ್ರೆ ಕೂತ್ಕೋಬಹುದು,” ಎಂದಳು ಅತ್ತೆ. ಎಮ್ಮೆಯ ಒಪ್ಪಿಗೆಯನ್ನು ಕಾದಿರಿಸಿ ತೀರ್ಪು ಕೊಡಲಾಯಿತು.

‘ಕಂಟಿನ್ಯುಅಲ್’ ಮತ್ತು ‘ಕಂಟಿನ್ಯುಅಸ್’ ಕೇಸು ನಮ್ಮ ಮನೆಯ ನೆಮ್ಮದಿಯನ್ನೇ ಅಲ್ಲಾಡಿಸಿತು. ಎಲ್ಲೂ ಕಡಿಯದೆ ಒಂದೇ ಸಮನೆ ಸಾಗುವುದಕ್ಕೆ ಗೂಡಿನಿಂದ ಬಿಚ್ಚುವ ರೇಷ್ಮೆ ಎಳೆಯನ್ನು ಅತ್ತೆ ಸಾಕ್ಷಿ ಕರೆದಳು. ಅದರಲ್ಲಿ ತಕರಾರು ಇರಲಿಲ್ಲ. ನಿಂತು ನಿಂತು ಮತ್ತೆ ಮತ್ತೆ ಬರುವುದಕ್ಕೆ ಸಾಕ್ಷಿ ಯಾರು ಎಂದಾಗ, “ಅಮ್ಮ ನಿಮ್ಮನ್ನ ಬೈಯೋದು,” ಎಂದುಬಿಟ್ಟಳು. ಹುಳು ಮನೆಯ ಬಾಗಿಲಿಗೆ ಅಜ್ಜಿ ಬಂದಳು. “ನನ್ನ ಹೆಸರ್ಯಾಕೆ ಬಂತು ಅಲ್ಲಿ?” “ಸಾಕ್ಷಿಯಾಗಿ ಮಾತ್ರ ಕಣೇ, ಆರೋಪಿಯಾಗಿ ಅಲ್ಲ,” ಎಂದರು ತಾತ, ಸ್ವಲ್ಪ ಹಿಂದಕ್ಕೆ ಸರಿದು. “ನಾನು ಮಧ್ಯ ಮಧ್ಯ ನಿಲ್ಸೋದು ಉಸಿರು ತಗೊಳ್ಳೋಕೆ. ನಿಮ್ಮ ಇಂಗ್ಲಿಷ್‌ನೋರಿಗೆ ಅದನ್ನೂ ಬರ್ಕೊಳ್ಳೋಕೆ ಹೇಳಿ,” ಎಂದು ಒಳಗೆ ಹೋದಳು. ಅಂದು ತಾತನಿಗೆ ಸಂಜೆಯ ಕಾಫಿ ಬರಲಿಲ್ಲ. ನ್ಯಾಯದಾನದ ದಾರಿ ಸುಗಮವಾದದ್ದಲ್ಲ ಎಂದು ಅವರು ನನಗೆ ಆಗಲೇ ತಿಳಿಸಿದರು.

‘ಬಾರೋ’ ಮತ್ತು ‘ಲೆಂಡ್’ ಕೇಸಿಗೆ ಸಾಕ್ಷಿಯಾಗಿ ಬಂದವರು ಪಕ್ಕದ ಮನೆಯ ಖುರ್ಷಿದಮ್ಮ. ಅವರ ಗಂಡ ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವ ಕೆಲಸದಲ್ಲಿದ್ದರು. ನಮ್ಮ ಹಿತ್ತಿಲ ಗೋಡೆಯ ಮೇಲಿಂದ ಸಕ್ಕರೆ ಲೋಟ ಆಚೆಗೂ ಈಚೆಗೂ ಓಡಾಡುತ್ತಲೇ ಇರುತ್ತಿತ್ತು. ಗೋಡೆಯ ಮೇಲೆ ಮುಖವಿಟ್ಟು ಅವರು ಕೇಸನ್ನು ಶ್ರದ್ಧೆಯಿಂದ ಕೇಳಿಸಿಕೊಂಡರು. “ಅಂದ್ರೆ ತಾತ, ನಾನು ಕೊಟ್ಟಿದ್ದು ಲೆಂಡು. ನಿಮ್ಮ ಸೊಸೆ ತಗೊಂಡಿದ್ದು ಬಾರೋ. ಹೌದಲ್ಲ?” “ಹೌದಮ್ಮ.” “ಯುಗಾದಿಗೆ ತಗೊಂಡಿದ್ದು ಇನ್ನಾ ವಾಪಸ್ ಬಂದಿಲ್ವಲ್ಲ, ಅದಕ್ಕೆ ಇಂಗ್ಲಿಷಲ್ಲಿ ಏನಂತಾರೆ?” ಅಮ್ಮ ಅಡುಗೆ ಮನೆಯಿಂದ ಓಡಿಬಂದು ಲೋಟ ತುಂಬ ಸಕ್ಕರೆ ಕೊಟ್ಟಳು. ನನಗೆ ತಿಳಿದಂತೆ ಆ ಕೋರ್ಟಿನಲ್ಲಿ ಜಾರಿಗೆ ಬಂದ ಏಕೈಕ ತೀರ್ಪು ಅದು.

ಹೀಗೆ ನಮ್ಮ ಮನೆಯ ಎಲ್ಲ ವಸ್ತುಗಳೂ ಒಂದೊಂದು ಇಂಗ್ಲಿಷ್ ಪದದ ಜವಾಬ್ದಾರಿ ಹೊತ್ತುಕೊಂಡವು. ನಮ್ಮ ನಾಯಿ ‘ಹ್ಯಾಬಿಟ್’ ಆಯಿತು, ಏಕೆಂದರೆ ಅದು ಯಾರೂ ಹೇಳದೆ ದಿನಾ ಹೊಸಿಲ ಮೇಲೇ ಮಲಗುತ್ತಿತ್ತು. ಮೊದಲ ಗೂಡನ್ನು ದೇವರ ಮುಂದಿಡುವುದು ‘ಕಸ್ಟಮ್’ ಆಯಿತು. ಅತ್ತೆ ಸೊಪ್ಪು ಕತ್ತರಿಸುತ್ತಾ ಕತ್ತರಿಸುತ್ತಾ ಬದುಗಳನ್ನೆಲ್ಲ ಕಂಡುಕೊಂಡಳು. ಕತ್ತಿಯ ಸದ್ದು, ಸೊಪ್ಪಿನ ವಾಸನೆ, ತಾತನ ಕೆಮ್ಮು, ಬಿಸಿಲಿಗೆ ಬೆಚ್ಚಗಾದ ಜಗಲಿಯ ಕಲ್ಲು. ನಾನು ಆಮೇಲೆ ಬಹಳ ಶಾಲೆಗಳನ್ನು ಕಂಡೆ. ಕೋಳಿ ತನ್ನ ಮರಿಗಳನ್ನು ಇಟ್ಟುಕೊಳ್ಳುವಂತೆ ಹೊಟ್ಟೆಯಡಿ ಬೆಚ್ಚಗೆ ಕೂರಿಸಿಕೊಂಡು ಕಲಿಸಿದ ಶಾಲೆ ಇನ್ನೊಂದನ್ನು ಕಾಣೆ.

ಪರೀಕ್ಷೆ ಬಂದದ್ದು ಅತ್ಯಂತ ಕೆಟ್ಟ ಸಮಯದಲ್ಲಿ, ಹುಳು ನಾಲ್ಕನೇ ಜ್ವರ ಎದ್ದ ವಾರದಲ್ಲಿ. ಆ ವಾರ ನಮ್ಮಲ್ಲಿ ಮದುವೆ ಇಟ್ಟುಕೊಳ್ಳುವುದಿಲ್ಲ. ಸಾಯುವವರೂ ಸ್ವಲ್ಪ ಯೋಚನೆ ಮಾಡುತ್ತಾರೆ. ಬೆಳಿಗ್ಗೆ ಅತ್ತೆ ಹುಳುವಿಗೆ ಸೊಪ್ಪು ಹಾಕಿ, ಕೈ ತೊಳೆದು, ಸೀರೆ ಉಟ್ಟು, ಹಾಲ್ ಟಿಕೆಟ್ಟನ್ನು ಸೆರಗಿಗೆ ಪಿನ್ನು ಹಾಕಿಕೊಂಡು ಶಿಡ್ಲಘಟ್ಟದ ಬಸ್ಸು ಹತ್ತಿದಳು. “ಮಧ್ಯಾಹ್ನದ ಸೊಪ್ಪು ತಡ ಮಾಡ್ಬೇಡ್ರಮ್ಮ,” ಎಂದು ಕಿಟಕಿಯಿಂದ ಕೂಗಿದಳು. “ನೀನು ಆ ಕಡೆ ನೋಡೇ, ಈ ಕಡೆ ನಾನಿದ್ದೀನಿ,” ಎಂದಳು ಅಜ್ಜಿ.

ಮಧ್ಯಾಹ್ನ ನಾವಿನ್ನೂ ಸೊಪ್ಪು ಹಾಕಿ ಮುಗಿಸಿರಲಿಲ್ಲ. ಹೊರಗೆ ಓಡಿಬಂದ ಹೆಜ್ಜೆ ಕೇಳಿಸಿತು. ಬಾಗಿಲಲ್ಲಿ ಅತ್ತೆ, ಬೆವರು ಸುರಿಸಿಕೊಂಡು, ಚಪ್ಪಲಿ ಕೈಯಲ್ಲಿ. ಪರೀಕ್ಷೆ ಮುಗಿದು ಬಸ್ಸಿನಲ್ಲಿ ಬರುವ ಹೊತ್ತು ಅದಾಗಿರಲಿಲ್ಲ ಎಂಬುದು ನನಗೂ ಗೊತ್ತಿತ್ತು.

“ಮುಗೀತೇನೇ?” ಅಂದಳು ಅಜ್ಜಿ.

“ಇಲ್ಲಮ್ಮ.”

“ಮತ್ತೆ?”

“ಕಿಟಕಿ ಬಿಸಿಲು ಬೆಂಚಿನ ಮೇಲೆ ಬಂತು. ಸೊಪ್ಪಿನ ಹೊತ್ತಾಯ್ತಲ್ಲ ಅನ್ನಿಸ್ತು. ಎದ್ದು ಪೇಪರು ಕೊಟ್ಬಿಟ್ಟೆ. ಬಸ್ಸು ಹತ್ತಿದ ಮೇಲೇನೇ ನಾನು ಏನು ಮಾಡ್ದೆ ಅಂತ ಗೊತ್ತಾಗಿದ್ದು.”

ಹುಳು ಸಾಕುವ ಮನೆಯಲ್ಲಿ ಬೆಳೆಯದವರಿಗೆ ಇದನ್ನು ಅರ್ಥ ಮಾಡಿಸುವುದು ಕಷ್ಟ. ನಮ್ಮಲ್ಲಿ ಗಡಿಯಾರ ಇದ್ದದ್ದು ನೆಂಟರಿಗೆ ತೋರಿಸಲು. ಹೊತ್ತು ಗೊತ್ತಾಗುತ್ತಿದ್ದುದು ಕೈಗಳಿಗೆ. ಊಟದ ಮಧ್ಯೆ, ನಿದ್ದೆಯ ಮಧ್ಯೆ, ಒಮ್ಮೆ ಸೋದರಮಾವನ ಮದುವೆಯ ಧಾರೆಯ ಮಧ್ಯೆ ಸಹ ಅತ್ತೆ ಹಾಗೆ ಎದ್ದು ನಿಂತಿದ್ದಳು, ಎಲ್ಲರೂ ನಕ್ಕಿದ್ದರು. ಈ ಸಲ ಯಾರೂ ನಗಲಿಲ್ಲ. ಅಜ್ಜಿ ಕೈಯಲ್ಲಿದ್ದ ಸೊಪ್ಪನ್ನು ಬುಟ್ಟಿಗೆ ಹಾಕಿ ಕೂತುಬಿಟ್ಟಳು. ಸಿಟ್ಟೂ ಪ್ರೀತಿಯೂ ಒಟ್ಟಿಗೆ ಬಂದಾಗ ಅವಳ ಬಾಯಲ್ಲಿ ಎರಡೂ ಭಾಷೆ ಒಟ್ಟಿಗೇ ಬರುತ್ತಿತ್ತು. “ಅಯ್ಯೋ ನಾ ತಲ್ಲೀ! ಒಂದ್ ಹೊತ್ತು ತಡ ಆದ್ರೆ ಹುಳು ಸತ್ತೋಗ್ತಿತ್ತೇನೇ? ನೇನು ಬತಿಕಿಲೇನಾ? ನಾನೇನು ಸತ್ತೋಗಿದ್ನೇನೇ?” ಎಂದು ಅತ್ತೆಯ ಬೆನ್ನಿಗೆ ಒಂದು ಗುದ್ದಿ, ಅದೇ ಕೈಯಿಂದ ಅವಳ ಬೆವರು ಒರೆಸಿದಳು.

ತಾತ ಜಗಲಿಯಿಂದ ಎದ್ದುಬಂದರು. ದನಿಯಲ್ಲಿ ಎಂದಿನ ಕೋರ್ಟು ಇರಲಿಲ್ಲ. “ಏನೇನು ಬಿಟ್ಟೆಯಮ್ಮ?”

“ಮಿಕ್ಕಿದ್ದೆಲ್ಲ ಬರ್ದೆ ಅಪ್ಪಾ. ಆ ಜೋಡಿ ಪದದ ಪ್ರಶ್ನೆ ಒಂದು ಬಿಟ್ಟೋಯ್ತು.”

“ಅದನ್ನಾ? ಅದೇ ತಾನೇ ನಿಂಗೆ ಚೆನ್ನಾಗಿ ಬರ್ತಿದ್ದಿದ್ದು?”

“ಅದಕ್ಕೇ ಕೊನೇಗೆ ಇಟ್ಕೊಂಡಿದ್ದೆ. ಎಲೇಲಿ ಒಬ್ಬಟ್ಟು ಕೊನೇಗೆ ಇಟ್ಕೊಳ್ಳಲ್ವಾ, ಹಂಗೆ.” ಅಷ್ಟು ಹೇಳಿ ಅತ್ತೆ ಅತ್ತಳು. ಅವಳು ಅತ್ತದ್ದನ್ನು ನಾನು ಅಂದೇ ಮೊದಲು ಕಂಡದ್ದು. ತಾತ ಅತ್ತೆಯ ತಲೆಯ ಮೇಲೆ ಕೈ ಇಟ್ಟರು, ತೆಗೆದರು, ಮತ್ತೆ ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡು ಹಿತ್ತಿಲಿಗೆ ಹೋದರು.

ಆ ಬೆಳೆ ಮಾತ್ರ ಬಹಳ ಚೆನ್ನಾಗಿ ಬಂತು. ಹುಳು ಹಣ್ಣಾಗಿ, ಚಂದ್ರಿಕೆ ಎಂಬ ಬಿದಿರಿನ ಸುರುಳಿಗಳ ಮೇಲೆ ಏರಿ, ಹಳದಿ ಗೂಡು ಕಟ್ಟಿದವು. ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ ಚಂದ್ರಿಕೆಗಳು ಹೂ ಬಿಟ್ಟ ಗೋಡೆಯಂತೆ ಕಂಡವು. ಊರವರು ಬಂದು ಹೊಗಳಿದರು. ಅಜ್ಜಿ ಆ ಹೊಗಳಿಕೆಯನ್ನು ತೂಕದಲ್ಲಿ ಕಡಿಮೆ ಬಂದ ಸಾಮಾನಿನಂತೆ ತೆಗೆದುಕೊಂಡಳು. ಗೌರಿಬಿದನೂರಿನಿಂದ ಗಿರಣಿಯವರ ಚಿಕ್ಕಪ್ಪ ವೀಳ್ಯದೆಲೆ ಹಿಡಿದು ಬಂದರು. ಮಾತು ಕೊಟ್ಟವರು ತಾತನೇ, ಅವರು ತಪ್ಪುವವರಲ್ಲ. ಆದರೆ ಇಡೀ ವೃತ್ತಿಜೀವನದಲ್ಲಿ ಕಲಿತ ಒಂದು ವಿದ್ಯೆ ಅಂದು ನೆರವಿಗೆ ಬಂತು. ಫಲಿತಾಂಶ ಬರುವವರೆಗೆ ಮಾತಿಲ್ಲ, ಆಷಾಢದಲ್ಲಿ ಮಾತಿಲ್ಲ, ಮನೆಯಲ್ಲಿ ಹುಳು ಇರುವಾಗ ಮಾತಿಲ್ಲ ಎಂದು ಅಷ್ಟು ವಿನಯದಿಂದ ವಾಯಿದೆ ಹಾಕಿದರೆಂದರೆ, ಆ ಚಿಕ್ಕಪ್ಪ ಹೊರಡುವಾಗ ಕೈ ಮುಗಿದು ಹೋದರು. ಅತ್ತೆ ಆ ದಿನಗಳಲ್ಲಿ ಜಗಲಿಯ ಕೆಳಗೆ ಕೂತು ಸೊಪ್ಪು ಕತ್ತರಿಸುವುದನ್ನು ಬಿಟ್ಟು ಹಿತ್ತಿಲಿಗೆ ಮಣೆ ಒಯ್ದಳು. ಕೂಗಲು ನನಗೆ ಯಾರೂ ಹೇಳಲಿಲ್ಲ.

ಫಲಿತಾಂಶ ತಂದವರು ಖುರ್ಷಿದಮ್ಮನ ಗಂಡ. ಶಿಡ್ಲಘಟ್ಟದಲ್ಲಿ ಪೇಪರು ನೋಡಿ, ನಂಬರು ಇದೆಯೋ ಇಲ್ಲವೋ ಎಂದು ನಾಲ್ಕು ಜನರ ಕೈಲಿ ಓದಿಸಿ, ಬಸ್ಸಿಗೂ ಕಾಯದೆ ಸೈಕಲ್ ತುಳಿದುಕೊಂಡು ಬಂದಿದ್ದರು. ಪಾಸು. ಬರೀ ಪಾಸು, ಬಾವಿಯ ಕಟ್ಟೆಯ ಮೇಲೆ ಒಂದೇ ಕಾಲಲ್ಲಿ ನಿಂತಂಥ ಪಾಸು. ಅಮ್ಮ ದೇವರಿಗೆ ದೀಪ ಹಚ್ಚಿದಳು. ಅತ್ತೆ ನನ್ನನ್ನು ಎತ್ತಿ ತಿರುಗಿಸಿ ತಟ್ಟೆಗಳ ಅಟ್ಟಣಿಗೆಗೆ ಡಿಕ್ಕಿ ಹೊಡೆಸಿದಳು. ತಾತನಿಗೆ ಎಷ್ಟು ಸಂತೋಷವಾಯಿತೆಂದರೆ ಜಗಲಿಯ ಮೇಲೆ ಕೂತವರು ಏಳಲೇ ಇಲ್ಲ. ಆಮೇಲೆ ಯಾರಿಗೋ ಎಂಬಂತೆ ಹೇಳಿಕೊಂಡರು: “ಅಂದ್ರೆ ನಮ್ಮ ಕೋರ್ಟಿನ ಒಂದು ತೀರ್ಪೂ ಸರ್ಕಾರದ ಗಮನಕ್ಕೆ ಬರ್ಲೇ ಇಲ್ಲ.” ಮಗಳು ಗೆದ್ದದ್ದು ತಾವು ಹೇಳಿಕೊಟ್ಟದ್ದನ್ನು ಬಿಟ್ಟು ಮಿಕ್ಕಿದ್ದರಿಂದ ಎಂಬುದನ್ನು ಅವರು ಕೊನೆಯವರೆಗೂ ಪೂರ್ತಿ ಕ್ಷಮಿಸಲಿಲ್ಲ, ಪೂರ್ತಿ ಬೇಸರಪಟ್ಟುಕೊಳ್ಳಲೂ ಇಲ್ಲ.

ಕೋಲಾರಕ್ಕೆ ಹೊರಟ ಅತ್ತೆಯನ್ನು ಬಸ್ಸು ಹತ್ತಿಸಲು ತಾತನ ಜೊತೆ ನಾನೂ ಹೋಗಿದ್ದೆ. ಜಂಗಮಕೋಟೆಯ ನಿಲ್ದಾಣದಲ್ಲಿ ಟ್ರಂಕಿನ ಮೇಲೆ ಅತ್ತೆ ಕೂತಿದ್ದಳು. ತಾತ ದಾರಿಯನ್ನೇ ನೋಡುತ್ತಾ, “ಆ ಬಿಟ್ಟೋದ ಪ್ರಶ್ನೇಲಿ ಯಾವ ಪದ ಕೊಟ್ಟಿದ್ರಮ್ಮ?” ಎಂದು ಕೇಳಿದರು. ಇಷ್ಟು ದಿನ ಕೇಳದೆ ಉಳಿಸಿಕೊಂಡಿದ್ದರು.

“ಎಕ್ಸ್‌ಪೆಕ್ಟು, ಹೋಪು.”

“ಸಾಕ್ಷಿ?”

ಅತ್ತೆ ದೂರದಲ್ಲಿ ಎದ್ದ ಧೂಳನ್ನು ತೋರಿಸಿದಳು. “ಎಕ್ಸ್‌ಪೆಕ್ಟಿಗೆ ಬಸ್ಸು. ಬರ್ತದೆ ಅಂತ ಗೊತ್ತು.”

“ಹೋಪಿಗೆ?”

“ಸೀಟು.”

ತಾತ ಜೋರಾಗಿ ನಕ್ಕರು. ಪೀಠದಲ್ಲಿ ಕೂತು ಎಂದೂ ನಗದವರು ರಸ್ತೆ ಬದಿಯಲ್ಲಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಬಸ್ಸು ಬಂತು, ಸೀಟು ಇರಲಿಲ್ಲ. ಅತ್ತೆ ನಿಂತುಕೊಂಡೇ ಹೋದಳು.

ಆಮೇಲೆ ಜಗಲಿಯ ಕೋರ್ಟು ಸೇರಲಿಲ್ಲ. ನನಗಾಗಿ ನಡೆಸಿ ಎಂದು ನಾನೂ ಕೇಳಲಿಲ್ಲ. ಆ ಪೀಠಕ್ಕೆ ಕಕ್ಷಿದಾರಳು ಒಬ್ಬಳೇ ಎಂಬುದು ಮಕ್ಕಳಿಗೂ ತಿಳಿಯುವಂತಿತ್ತು. ಅತ್ತೆ ನರ್ಸಾದಳು. ಮೊದಲು ಚಿಂತಾಮಣಿ, ಆಮೇಲೆ ವಿಧಿಯ ತಮಾಷೆಯೆಂಬಂತೆ ಗೌರಿಬಿದನೂರು. ಗಿರಣಿಯ ಮನೆಯ ಆ ಹುಡುಗನ ಇಬ್ಬರು ಮಕ್ಕಳು ಅವಳ ಕೈಯಲ್ಲೇ ಹುಟ್ಟಿದರಂತೆ. ಡಾಕ್ಟರುಗಳನ್ನು ಗದರಿಸುತ್ತಿದ್ದಳೆಂದೂ ಕೇಳಿದ್ದೇನೆ. ತಾತ ಹೋದರು, ಅಜ್ಜಿ ಹೋದಳು, ಹೋದ ವರ್ಷ ಅತ್ತೆಯೂ ಹೋದಳು. ಅಪ್ಪನ ಕಾಲಕ್ಕೇ ತೋಟ ದ್ರಾಕ್ಷಿಯಾಗಿತ್ತು. ಈಗ ಅಲ್ಲಿ ಸೈಟು ಮಾಡಿ, ಕಲ್ಲು ನೆಟ್ಟು ನಂಬರು ಬರೆದಿದ್ದಾರೆ. ಜಗಲಿ ಎಲ್ಲಿತ್ತು ಎಂದು ನನ್ನನ್ನು ಕೇಳಿದರೆ ಹೆಜ್ಜೆ ಹಾಕಿ ತೋರಿಸಲಾರೆ.

ಕೆಲಸ ಸಿಕ್ಕಿದ ಮೇಲೆ ಅತ್ತೆ ಮೊದಲ ಸಲ ರಜೆಗೆ ಬಂದದ್ದು ನನಗೆ ನೆನಪಿದೆ. ಮನೆಯಲ್ಲಿ ಹುಳು ಇತ್ತು. ಅವಳು ಬಂದವಳೇ ಕೈ ತೊಳೆದು, ಸೆರಗು ಕಟ್ಟಿ, ಹುಳು ಮನೆಯ ಕಡೆ ನಡೆದಳು. ಹುಳುವಿಗೆ ಘಾಟು ವಾಸನೆ ಆಗುವುದಿಲ್ಲ. ಒಗ್ಗರಣೆ, ಊದುಬತ್ತಿ, ಹೊಗೆಸೊಪ್ಪು ಯಾವುದೂ ಒಳಗೆ ಹೋಗುವಂತಿಲ್ಲ. ಅತ್ತೆಯ ಮೈಯಿಂದ, ಎಷ್ಟು ತೊಳೆದರೂ, ಆಸ್ಪತ್ರೆಯ ಔಷಧಿಯ ವಾಸನೆ ಬರುತ್ತಿತ್ತು. ಅಜ್ಜಿ ಬಾಗಿಲಿಗೆ ಅಡ್ಡ ಕೈ ಇಟ್ಟಳು. “ಬೇಡ ಕಣಮ್ಮ. ನಿನ್ನ ಮೈ ವಾಸ್ನೆ ಬದಲಾಗಿದೆ,” ಎಂದಳು, ಬಹಳ ಮೆತ್ತಗೆ, ಕನ್ನಡದಲ್ಲಿ. ಅತ್ತೆ ತನ್ನ ಅಂಗೈ ಮೂಸಿ ನೋಡಿಕೊಂಡಳು. ನಕ್ಕಳು. ಹೊಸಿಲಿನ ಆಚೆ, ಬಾಗಿಲುವಾಡಕ್ಕೆ ಒರಗಿಕೊಂಡು, ಕೈ ಕಟ್ಟಿ ನಿಂತಳು. ನಾವು ಒಳಗೆ ಸೊಪ್ಪು ಹಾಕುತ್ತಾ ಹೋದೆವು.

“ಆ ಮೂಲೆ ತಟ್ಟೆಗೆ ಸಾಲದು ಕಣೇ,” ಎಂದಳು ಅತ್ತೆ, ನಿಂತಲ್ಲಿಂದಲೇ. “ಇನ್ನೊಂದು ಹಿಡಿ ಹಾಕು.”

ಹಾಕಿದೆ.